ಗಡುವು ಮುಗಿದ ಮೇಲಿನ ಗುಡುಗು

ಕಾಂಗ್ರೆಸ್ಸಿನ ತಾಳ್ಮೆಗೆ ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ ಮಾಡಲೇಬೇಕು. 2024ರ ಜೂನ್ 4ರಂದು ಬೆಂಗಳೂರು ಕೇಂದ್ರ ಲೋಕಸಭಾ ಕ್ಷೇತ್ರದಲ್ಲಿ ಅದರ ಅಭ್ಯರ್ಥಿ ಮನ್ಸೂರ್ ಅಲಿ ಖಾನ್ 32,707 ಮತಗಳಿಂದ ಸೋತರು. ಅದರೊಳಗಿನ ಮಹದೇವಪುರ ವಿಧಾನಸಭಾ ಕ್ಷೇತ್ರವೊಂದರಲ್ಲೇ ಬಿಜೆಪಿಗೆ 1,14,046 ಮತಗಳ ಮುನ್ನಡೆ. ಎಣಿಕೆ ಟೇಬಲ್ಲಿನ ಮುಂದೆ ಕೂತಿದ್ದ ಏಜೆಂಟರಿಗೆ ಅಂದು ಸಂಜೆಯೇ ಗೊತ್ತಿದ್ದ ಲೆಕ್ಕ ಇದು. ಪಕ್ಷ ಮಾತ್ರ ಆತುರಪಡಲಿಲ್ಲ. 2025ರ ಆಗಸ್ಟ್ 7ರಂದು ರಾಹುಲ್ ಗಾಂಧಿ ದೆಹಲಿಯಲ್ಲಿ ಪರದೆ ಹಾಕಿಸಿ, ಮಹದೇವಪುರದಲ್ಲಿ 1,00,250 ಮತಗಳು ಕಳುವಾಗಿವೆ ಎಂದು ಗುಡುಗಿದರು.

ನಮ್ಮ ಕಾನೂನಿಗೋ ಇಷ್ಟು ಸಹನೆ ಇಲ್ಲ. 1951ರ ಜನಪ್ರತಿನಿಧಿ ಕಾಯ್ದೆಯ 81ನೇ ಕಲಂ ಪ್ರಕಾರ, ಫಲಿತಾಂಶ ಹೊರಬಿದ್ದ 45 ದಿನದೊಳಗೆ ಹೈಕೋರ್ಟಿಗೆ ಚುನಾವಣಾ ತಕರಾರು ಅರ್ಜಿ ಹಾಕಬೇಕು. ಸೋತ ಅಭ್ಯರ್ಥಿಯೇ ಆಗಬೇಕೆಂದಿಲ್ಲ, ಕ್ಷೇತ್ರದ ಯಾವ ಮತದಾರನಾದರೂ ಸರಿ. ಠೇವಣಿ 2,000 ರೂಪಾಯಿ. ಒಬ್ಬ ಮರಿ ಪುಢಾರಿಯ ಹುಟ್ಟುಹಬ್ಬದ ಫ್ಲೆಕ್ಸಿಗೆ ಇದಕ್ಕಿಂತ ಹೆಚ್ಚು ಖರ್ಚಾಗುತ್ತದೆ. 2024ರ ಜುಲೈ 19ಕ್ಕೆ ಆ ಬಾಗಿಲು ಮುಚ್ಚಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುವುದು ಹಳೇ ಗಾದೆ. ಇಲ್ಲಿ ಬಾಗಿಲು ತಾನಾಗಿಯೇ ಹಾಕಿಕೊಂಡು ವರ್ಷ ಕಳೆದ ಮೇಲೆ ಕಾವಲುಗಾರರು ಹೊರಗೆ ನಿಂತು ಕಹಳೆ ಊದಿದರು.

ಮಹದೇವಪುರದ ಮುನಿರೆಡ್ಡಿ ಗಾರ್ಡನ್ನಿನ ಒಂದು ಕೋಣೆಯ ಮನೆಯ ವಿಳಾಸದಲ್ಲಿ 80 ಮತದಾರರಿದ್ದರಂತೆ. ಇದನ್ನು ಪತ್ತೆಹಚ್ಚಲು ಮೂವತ್ತು ನಲವತ್ತು ಜನ, ಆರು ತಿಂಗಳು, ಏಳಡಿ ಎತ್ತರದ ಕಾಗದ ಬೇಕಾಯಿತು. ಯಂತ್ರ ಓದಲಾಗದಂಥ ಪಟ್ಟಿ ಕೊಟ್ಟ ಚುನಾವಣಾ ಆಯೋಗದ ಮೇಲಿನ ಸಿಟ್ಟು ನ್ಯಾಯವೇ. ಆದರೆ ಅದೇ ಪಟ್ಟಿಯ ಆಯಾ ಭಾಗ, ಏಪ್ರಿಲ್ 26ರ ಮತದಾನದ ದಿನ, ಪ್ರತಿ ಬೂತಿನಲ್ಲೂ ಪಕ್ಷದ ಏಜೆಂಟರ ಮಡಿಲಲ್ಲಿತ್ತು. ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೆ ಒಂದೊಂದೇ ಹೆಸರಿಗೆ ಗೀಟು ಎಳೆಯುವುದೇ ಅವರ ಕೆಲಸ. ಒಂದೇ ಮನೆ ನಂಬರಿನ ಮೂವತ್ತನೆಯ ಹೆಸರಿಗೆ ಗೀಟು ಎಳೆಯುವಾಗಲಾದರೂ ಪೆನ್ನು ಅರೆಕ್ಷಣ ನಿಲ್ಲಬೇಡವೇ? ಮಧ್ಯಾಹ್ನದ ಚಿತ್ರಾನ್ನದ ಪೊಟ್ಟಣ ಹೊತ್ತಿಗೆ ಸರಿಯಾಗಿ ಬಂದಿರಬೇಕು.

ಮತಪಟ್ಟಿಯ ದೋಷ ತಕರಾರು ಅರ್ಜಿಯಲ್ಲಿ ನಿಲ್ಲುವುದು ಕಷ್ಟ ಎನ್ನುವ ವಕೀಲರಿದ್ದಾರೆ. ಇರಬಹುದು. ಆದರೆ ಒಬ್ಬನೇ ಎರಡು ಕಡೆ ಹಾಕಿದ ಮತ ಅಸಿಂಧು ಎಂದು ಕಾಯ್ದೆಯೇ ಹೇಳುತ್ತದಲ್ಲ, ಅಷ್ಟನ್ನಾದರೂ ಕೋರ್ಟಿನ ಮುಂದಿಡಬಹುದಿತ್ತು. ತಕರಾರು ಅರ್ಜಿಯ ತಾಕತ್ತು ಈ ಪಕ್ಷಕ್ಕೆ ಗೊತ್ತಿರುವಷ್ಟು ದೇಶದಲ್ಲಿ ಇನ್ಯಾರಿಗೂ ಗೊತ್ತಿಲ್ಲ. 1971ರಲ್ಲಿ ರಾಯ್‌ಬರೇಲಿಯಲ್ಲಿ ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತ ರಾಜ್ ನಾರಾಯಣ್ ಗಡುವಿನೊಳಗೆ ಅಲಹಾಬಾದ್ ಹೈಕೋರ್ಟಿಗೆ ಹೋದರು. 1975ರ ಜೂನ್ 12ರಂದು ಇಂದಿರಾ ಗಾಂಧಿಯವರ ಆಯ್ಕೆಯೇ ರದ್ದಾಯಿತು. ಮುಂದೆ ಆದದ್ದು ಎಲ್ಲರಿಗೂ ಗೊತ್ತು. 2025ರಲ್ಲಿ ಅದೇ ರಾಯ್‌ಬರೇಲಿಯ ಸಂಸದ ರಾಹುಲ್, ಅದೇ ಇಂದಿರಾ ಹೆಸರಿನ ಭವನದಲ್ಲಿ ನಿಂತು, ಅರ್ಜಿಯ ಬದಲು ಸ್ಲೈಡ್ ತೋರಿಸಿದರು.

ಆಯೋಗವೇನೂ ಸಾಚಾ ಪಾತ್ರ ವಹಿಸಲಿಲ್ಲ. ಅಷ್ಟು ದಾಖಲೆ ಮುಂದಿಟ್ಟಾಗ ಪರಿಶೀಲಿಸುತ್ತೇವೆ ಎನ್ನುವ ಬದಲು, ಮೊದಲು ಪ್ರಮಾಣ ಮಾಡಿ ಸಹಿ ಹಾಕಿ ಎಂದಿತು. ಸಂಸತ್ತಿನಲ್ಲೇ ಪ್ರಮಾಣ ಮಾಡಿದ್ದೇನೆ ಎಂದು ರಾಹುಲ್ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮೈಕು ಹಿಡಿದರು. ಮತಗಟ್ಟೆಯ ವಿಡಿಯೊಗಳನ್ನೂ, ತಕರಾರು ಅರ್ಜಿ ಇಲ್ಲದಿದ್ದರೆ 45 ದಿನಕ್ಕೆ ಅಳಿಸಿಬಿಡಿ ಎಂದು 2025ರ ಮೇ ತಿಂಗಳಲ್ಲಿ ಹೇಳಿದ್ದು ಇದೇ ಆಯೋಗ. ಇನ್ನು ಕೋರ್ಟಿನ ವೇಗ ಕೇಳಬೇಡಿ. 2023ರಲ್ಲಿ ಮಾಲೂರಿನಲ್ಲಿ 248 ಮತಗಳಿಂದ ಸೋತ ಬಿಜೆಪಿಯ ಮಂಜುನಾಥ ಗೌಡರು ಅರ್ಜಿ ಹಾಕಿದರು. ಹೈಕೋರ್ಟ್ ಕಾಂಗ್ರೆಸ್ ಶಾಸಕರ ಆಯ್ಕೆಯನ್ನು ಅಸಿಂಧುಗೊಳಿಸಿ ಮರುಎಣಿಕೆಗೆ ಆದೇಶಿಸಿದ್ದು 2025ರ ಸೆಪ್ಟೆಂಬರಿನಲ್ಲಿ. ಎರಡು ವರ್ಷದ ಮೇಲಾಗಿತ್ತು, ಆಮೇಲೆ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ಆದರೂ ಅರ್ಜಿ ಇತ್ತು, ಆದ್ದರಿಂದ ಆದೇಶ ಬಂತು.

ತೀರ್ಪು ಬೇಗ ಸಿಕ್ಕಿದ್ದು ಒಬ್ಬರಿಗೇ, ಆಗ ಸಹಕಾರ ಸಚಿವರಾಗಿದ್ದ ಕೆ.ಎನ್. ರಾಜಣ್ಣನವರಿಗೆ. 2024ರ ಜನವರಿಯಲ್ಲಿ ಅಂತಿಮ ಮತಪಟ್ಟಿ ಹೊರಬಂದಾಗ ರಾಜ್ಯದಲ್ಲಿದ್ದದ್ದು ನಮ್ಮದೇ ಸರ್ಕಾರವಲ್ಲವೇ, ಆಗೇನು ಕಣ್ಣು ಮುಚ್ಚಿ ಕೂತಿದ್ದೆವೇ ಎಂಬರ್ಥದ ಮಾತಾಡಿದರು. 2025ರ ಆಗಸ್ಟ್ 11ಕ್ಕೆ ಸಂಪುಟದಿಂದ ವಜಾ. 45 ದಿನದಲ್ಲಿ ಒಂದು ಅರ್ಜಿ ಬರೆಯಲಾಗದವರಿಗೆ, ಗುಡುಗಿದ ನಾಲ್ಕನೇ ದಿನಕ್ಕೇ ಒಬ್ಬ ಮಂತ್ರಿಯನ್ನು ಮನೆಗೆ ಕಳಿಸಲು ಸಾಧ್ಯವಾಯಿತು. ಅದಕ್ಕೆ ಆರು ತಿಂಗಳ ಶೋಧನೆಯಾಗಲೀ ಏಳಡಿ ಕಾಗದವಾಗಲೀ ಬೇಕಾಗಲಿಲ್ಲ. ಆ ಹಿರಿಯರು ಕೇಳಿದ ಪ್ರಶ್ನೆಗೆ ಉತ್ತರ ಕೊಡಲು ಮಾತ್ರ ಯಾವ ಕಾಯ್ದೆಯೂ ಗಡುವು ಹಾಕಿಲ್ಲ.