ಥೋರೋ ಮಹಾಶಯನ ಪುರುಸೊತ್ತು

ಸರಳ ಬದುಕಿನ ಮಾತು ಬಂದರೆ ಅಮೆರಿಕದ ಲೇಖಕ ಥೋರೋ ಬಾರದಿರುತ್ತಾನೆಯೇ? 1845ರ ಜುಲೈ 4ರಂದು ವಾಲ್ಡನ್ ಕೊಳದ ದಂಡೆಯ ಗುಡಿಸಲು ಸೇರಿದ. ಜಾಗ ಗೆಳೆಯ ಎಮರ್ಸನ್‌ನದು. ಕಟ್ಟಲು ತಗುಲಿದ್ದು 28 ಡಾಲರ್ ಹನ್ನೆರಡೂವರೆ ಸೆಂಟ್. ಆ ಅರ್ಧ ಸೆಂಟನ್ನೂ ಬಿಡದೆ ಬರೆದಿಟ್ಟ, ನಮ್ಮ ಶಾನುಭೋಗರೂ ತಲೆದೂಗಬೇಕು!

ಯಾರೋ ಹೆಂಗಸು ಕಾಲೊರಸು ಕೊಡಲು ಬಂದರೆ, ಕೊಡವಲು ಪುರುಸೊತ್ತಿಲ್ಲ ಎಂದ. ಮೇಜಿನ ಮೇಲಿನ ಮೂರು ಸುಣ್ಣದಕಲ್ಲುಗಳನ್ನು ದಿನಾ ಒರೆಸಬೇಕೆಂದು ಗೊತ್ತಾದದ್ದೇ ತಡ, ಕಿಟಕಿಯಾಚೆ ಎಸೆದ. ಆದರೆ ಕೆಂಪಿರುವೆ–ಕರಿಯಿರುವೆಗಳ ಕಾಳಗ ಕಂಡಾಗ ನೋಡಿ! ಮೂರು ಇರುವೆಗಳು ಕಚ್ಚಾಡುತ್ತಿದ್ದ ಮರದ ಚಕ್ಕೆಯನ್ನೇ ಮನೆಗೆ ತಂದು, ಲೋಟ ಕವುಚಿ, ಭೂತಗನ್ನಡಿ ಹಿಡಿದು ಕೂತ.

ಊಟ? ತಾನೇ ಬೇಯಿಸುತ್ತಿದ್ದ, ನಿಜ. ಆದರೆ ಅಮ್ಮನಿದ್ದ ಕಾನ್‌ಕಾರ್ಡ್ ಅರ್ಧ ಗಂಟೆಯ ನಡಿಗೆ. ಆಗಾಗ ಹೋಗಿ ಉಂಡು ಬರುತ್ತಿದ್ದ. ಇಷ್ಟು ಅನುಕೂಲವಿದ್ದರೆ ನಾಳೆಯೇ ವನವಾಸಕ್ಕೆ ನಾನೂ ತಯಾರು.