ಯಜಮಾನರು ಉಯಿಲು ಬರೆಯುವುದಿಲ್ಲ

"ಉಯಿಲು ಬರೆದ್ರೆ ಆಯುಸ್ಸು ಕಮ್ಮಿ ಆಗ್ತದೆ ಮಾರಾಯ್ರೇ" ಎನ್ನುತ್ತಾರೆ ತೀರ್ಥಹಳ್ಳಿಯ ತೋಟದ ಯಜಮಾನರು. ಬರೆಯದವರೂ ಸತ್ತಿದ್ದಾರೆ, ಪಹಣಿಯಲ್ಲಿ ಮಾತ್ರ ಅಜ್ಜ ಇನ್ನೂ ಬದುಕಿದ್ದಾರೆ. ಅಡಿಕೆಗೆ ಕೊಳೆರೋಗ ಬರುವ ಮುನ್ನವೇ ಬೋರ್ಡೋ ದ್ರಾವಣ ಹೊಡೆಸುವವರಿಗೆ ಉಯಿಲಷ್ಟೇ ಅಪಶಕುನ. "ಖರ್ಚು?" ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ತಮ್ಮ ಸಹಿ, ಜೊತೆಗೆ ಇಬ್ಬರು ಸಾಕ್ಷಿಗಳದ್ದು ಇದ್ದರೆ ಸಾಕು. "ಬರೆದಿಟ್ರೆ ಮಕ್ಕಳು ಕಡೆಗಣಿಸ್ತಾರೆ." ಭಯ ಸುಳ್ಳಲ್ಲ, ಆದರೆ ಅದು ದಾನಪತ್ರಕ್ಕೆ ಸಲ್ಲಬೇಕಾದ ಭಯ. ಉಯಿಲು ಜಾರಿಯಾಗುವುದು ಕಣ್ಮುಚ್ಚಿದ ಮೇಲೆ, ಅಲ್ಲಿಯವರೆಗೆ ಎಷ್ಟು ಸಲವಾದರೂ ಬದಲಿಸಬಹುದು.

"ತೋಟ ಮಗನಿಗೇ ಅಂತ ಊರಿಗೇ ಗೊತ್ತು. ಮಗಳಿಗೆ ಮದುವೇಲಿ ಕೊಟ್ಟಾಯ್ತಲ್ಲ!" ಊರು ಸಾಕ್ಷಿ ಹೇಳಲು ಬರುವುದಿಲ್ಲ, ಕಾನೂನು ಬರುತ್ತದೆ: ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಮತ್ತು 2020ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಪಿತ್ರಾರ್ಜಿತದಲ್ಲಿ ಮಗಳೂ ಹುಟ್ಟಿನಿಂದಲೇ ಸಮಪಾಲುದಾರಳು. ಉಯಿಲಿನಲ್ಲೂ ಯಜಮಾನರು ಕೊಡಬಹುದಾದದ್ದು ತಮ್ಮ ಪಾಲನ್ನು, ಮಗಳದ್ದನ್ನಲ್ಲ.