ಎರಡು ತೊಲಿ ತಂಬಾಕು

ನಮ್ಮ ದೊಡ್ಡಪ್ಪ ತಿಳವಳ್ಳಿಯಿಂದ ಹಾನಗಲ್ಲಿಗೆ ಹೊರಟರೂ ಚಪ್ಪಲಿಗಿಂತ ಮೊದಲು ಹುಡುಕುವುದು ಎಲೆ-ಅಡಿಕೆ ಚಂಚಿಯನ್ನು. ಅಂಥವರನ್ನು ಮಗ ಆರು ತಿಂಗಳಿಗೆ ಮೆಲ್ಬರ್ನಿಗೆ ಕರೆಸಿಕೊಳ್ಳುತ್ತೇನೆಂದಾಗ ವೀಸಾ ಚಿಂತೆ ಹಿಂದಾಯಿತು, ತಂಬಾಕಿನ ಚಿಂತೆ ಮುಂದಾಯಿತು.

ಸವಣೂರಿನ ಎಲೆಯ ಆಸೆ ಮೊದಲ ಫೋನಿನಲ್ಲೇ ಬಾಡಿತು. ಹಸಿ ಎಲೆ ಅಲ್ಲಿ ಒಳಗೆ ಬಿಡುವುದಿಲ್ಲ. ತಂಬಾಕು? ಸುಂಕವಿಲ್ಲದೆ ತಲೆಗೆ 25 ಗ್ರಾಂ. ಅದಕ್ಕಿಂತ ಚೂರು ಹೆಚ್ಚಾದರೂ ಹೆಚ್ಚಿದ್ದಕ್ಕಷ್ಟೇ ಅಲ್ಲ, ಇಡೀ ತಂಬಾಕಿಗೇ ಸುಂಕ. ಮದ್ಯಕ್ಕೆಷ್ಟು ಎಂದು ನಾನು ಸುಮ್ಮನಿರಲಾರದೆ ಕೇಳಿದೆ. ಎರಡೂಕಾಲು ಲೀಟರ್! ಜನ್ಮದಲ್ಲಿ ಹನಿ ಮುಟ್ಟದ ದೊಡ್ಡಪ್ಪ, "ನನ್ನ ಪಾಲಿಂದು ಶೆರೆ ಅವರೇ ಇಟ್ಕೊಳ್ಳಲಿ, ಅದರ ಬದ್ಲಿ ತಂಬಾಕು ಬಿಡ್ರಿ ಅನ್ನು" ಎಂದರು. ಕಸ್ಟಮ್ಸಿನಲ್ಲಿ ಅಂಥ ಅದಲಿಬದಲಿ ಇಲ್ಲ.

ಆಸ್ಟ್ರೇಲಿಯಾ ಮೊದಲು 250 ಗ್ರಾಂ ಬಿಡುತ್ತಿತ್ತು. 2012ರಲ್ಲಿ 50ಕ್ಕೆ ಇಳಿಸಿತು, 2017ರಲ್ಲಿ 25ಕ್ಕೆ. "ನಾ ಬರೂದು ಹೆಂಗರ ಗೊತ್ತಾಗೇತಿ." ಬ್ರಿಟನ್ನಿನಲ್ಲಿ ಈಗಲೂ 250 ಎಂದು ತಿಳಿದಾಗಲಂತೂ ಮಗನ ಮೇಲೆಯೇ ಹರಿಹಾಯ್ದರು: "ಇವಗ ಲಂಡನ್ನಿನ್ಯಾಗ ನೌಕರಿ ಸಿಗಲಿಲ್ಲೇನು?" ಸಿಂಗಾಪುರದಲ್ಲಿ ಒಂದು ಗ್ರಾಮಿಗೂ ರಿಯಾಯಿತಿ ಇಲ್ಲವೆಂಬುದನ್ನು ಅವರಿಗೆ ಹೇಳಲಿಲ್ಲ. ವಿಮಾನ ಅಲ್ಲಿ ಇಳಿದೇ ಹೋಗುವುದಿತ್ತು.

25 ಗ್ರಾಂ ಅಂದರೆ ಎಷ್ಟು? ಕಿರಾಣಿ ಅಂಗಡಿಯ ತಕ್ಕಡಿ ಅಷ್ಟು ಸಣ್ಣ ಮಾತಿಗೆ ಕಿವಿಗೊಡಲಿಲ್ಲ. ಪತ್ತಾರರ ಅಂಗಡಿಗೆ ಹೋದೆವು. ಬಂಗಾರ ಕೂರುವ ತಟ್ಟೆಯಲ್ಲಿ ತಂಬಾಕಿನ ಎಸಳು ಕೂತವು. "ಎರಡು ತೊಲಿ, ಮ್ಯಾಲೊಂದಿಷ್ಟು" ಎಂದರು ಪತ್ತಾರರು. ಆಮೇಲೆ ಒಂದು ಎಸಳು ತೆಗೆದಿಟ್ಟು, "ಮಳಿಗಾಲ, ಥಂಡಿ ಹಿಡದ್ರ ತೂಕ ಏರತೈತಿ" ಎಂದರು. ತೆಗೆದಿಟ್ಟ ಎಸಳು ಅಲ್ಲೇ ದೊಡ್ಡಪ್ಪನ ಬಾಯಿ ಸೇರಿತು.

ದೊಡ್ಡಪ್ಪ ಸಂಜೆ ಕೂರುವ ಶಾಂತೇಶ್ವರ ಗುಡಿ 13ನೇ ಶತಮಾನದ್ದು. ಅದನ್ನು ಕಟ್ಟಿದವರ ಬಾಯಲ್ಲಿ ಎಲೆ-ಅಡಿಕೆ ಇದ್ದಿರಬಹುದು, ತಂಬಾಕಂತೂ ಇರಲಿಲ್ಲ. ಅದು ಪೋರ್ಚುಗೀಸರ ಹಡಗು ಹತ್ತಿ ಆಮೇಲೆ ಬಂದದ್ದು. 1604ರ ಸುಮಾರಿಗೆ ಮೊಘಲ ದೂತ ಅಸದ್ ಬೇಗ್ ನಮ್ಮ ವಿಜಾಪುರದಿಂದಲೇ ಅದನ್ನು ಅಕ್ಬರನ ಆಸ್ಥಾನಕ್ಕೆ ಒಯ್ದ, ರತ್ನದ ಚಿಲುಮೆಯ ಸಮೇತ. ಗ್ರಾಂ ಎಷ್ಟು ಎಂದು ದಾರಿಯಲ್ಲಿ ಯಾರೂ ಕೇಳಿದಂತಿಲ್ಲ. ತಡೆದವನು ಆಸ್ಥಾನದ ಹಕೀಮನೊಬ್ಬನೇ. ಅದೇ 1604ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಜೇಮ್ಸ್, ಪೌಂಡು ತಂಬಾಕಿಗೆ 2 ಪೆನ್ಸ್ ಇದ್ದ ಸುಂಕವನ್ನು ಒಮ್ಮೆಲೇ 82 ಪೆನ್ಸಿಗೆ ಏರಿಸಿದ. ವೈದ್ಯರು, ಸುಂಕದವರು ಅಂದಿನಿಂದಲೂ ಒಂದೇ ಕಡೆ ನಿಂತವರು. ದೊಡ್ಡವ್ವನೂ ಅದೇ ಕಡೆ.

ಮೆಲ್ಬರ್ನಿನಲ್ಲಿ ಅಧಿಕಾರಿ ಪಾಸ್‌ಪೋರ್ಟ್ ನೋಡಿ, ಹೋಗಿ ಎಂದು ಕೈ ತೋರಿಸಿದನಂತೆ. ದೊಡ್ಡಪ್ಪ ಕದಲಲಿಲ್ಲ. ಪತ್ತಾರರು ಅಷ್ಟು ನಾಜೂಕಾಗಿ ತೂಗಿಕೊಟ್ಟದ್ದನ್ನು ಇವನು ನೋಡುವುದೂ ಬೇಡವೇ? ಚಂಚಿ ಬಿಚ್ಚಿ ತೋರಿಸಿಯೇ ಮುಂದೆ ಹೋದರು.

ಎರಡು ತೊಲಿ ಎಂಟು ದಿನಕ್ಕೆ ಮುಗಿಯಿತು. ಆರು ತಿಂಗಳಿಗೆಂದು ಹೋದವರು ಆರು ವಾರಕ್ಕೆ ತಿರುಗಿ ಬಂದರು. ಭಾರತಕ್ಕೆ ಬರುವಾಗ 125 ಗ್ರಾಂ ತರಲು ಅವಕಾಶವಿತ್ತು. ಚಂಚಿ ಖಾಲಿ ಇತ್ತು.